ಗಡ್ಡೆ ಕರಗಿದೆಯೇ? ಶಸ್ತ್ರಚಿಕಿತ್ಸೆಗೆ ಮುಂಚಿನ ಕೀಮೋಥೆರಪಿ ಮತ್ತು ಸ್ತನದ ಸ್ಕ್ಯಾನ್‌ಗಳು

ಸ್ತನ ಕ್ಯಾನ್ಸರ್ ಇದೆ ಎಂದು ಬಯಾಪ್ಸಿಯಲ್ಲಿ ಖಚಿತವಾದ ಮೇಲೆ ಮೊದಲು ಗಡ್ಡೆಯನ್ನು ತೆಗೆದು, ಆನಂತರ ಕೀಮೋಥೆರಪಿ ಕೊಡುವುದು ಬಹುಕಾಲ ನಡೆದುಬಂದ ಕ್ರಮ. ಈಗ ಅನೇಕ ರೋಗಿಗಳಲ್ಲಿ ಈ ಕ್ರಮ ಹಿಂದುಮುಂದಾಗಿದೆ. ಗಡ್ಡೆಯನ್ನು ಇದ್ದಲ್ಲೇ ಬಿಟ್ಟು, ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳ ಕಾಲ ಔಷಧ ಕೊಟ್ಟು, ಅದು ಮುಗಿದ ಕೆಲವು ವಾರಗಳ ನಂತರ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಕ್ಯಾನ್ಸರ್ ಮೈಯೊಳಗೇ ಇರುವಾಗ ಅದನ್ನು ತೆಗೆಯದೆ ಅಷ್ಟು ದಿನ ಕಾಯುವುದು ಸರಿಯೇ ಎಂಬ ಆತಂಕ ರೋಗಿಗೂ ಮನೆಯವರಿಗೂ ಬರುವುದು ಸಹಜ. ಆ ಆತಂಕಕ್ಕೆ ಉತ್ತರ ಕೊಡಬೇಕಾದರೆ ಎರಡು ಸಂಗತಿಗಳನ್ನು ಬಿಡಿಸಿ ಹೇಳಬೇಕು: ಈ ಕ್ರಮದಿಂದ ಏನು ಸಿಗುತ್ತದೆ, ಮತ್ತು ಆ ಅವಧಿಯಲ್ಲಿ ಗಡ್ಡೆಯ ಮೇಲೆ ಕಣ್ಣಿಡುವ ಸ್ಕ್ಯಾನ್‌ಗಳ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು.

ಮೊದಲನೆಯ ಪ್ರಶ್ನೆಗೆ 1988ರಲ್ಲಿ ಅಮೆರಿಕದಲ್ಲಿ ಆರಂಭವಾದ ಎನ್‌ಎಸ್‌ಎಬಿಪಿ ಬಿ-18 ಎಂಬ ಅಧ್ಯಯನ ಉತ್ತರ ಕೊಟ್ಟಿತು. ಅದರಲ್ಲಿ 1,523 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ, ಇನ್ನೊಂದಕ್ಕೆ ನಂತರ, ಅದೇ ಔಷಧಗಳನ್ನು ಕೊಡಲಾಯಿತು. ಬದುಕುಳಿದವರ ಪ್ರಮಾಣದಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಔಷಧವನ್ನು ಮುಂಚೆ ಕೊಟ್ಟದ್ದರಿಂದ ಜೀವಕ್ಕೆ ನಷ್ಟವಾಗಲಿಲ್ಲ. ಜೊತೆಗೆ ಗಡ್ಡೆ ಕುಗ್ಗಿದ್ದರಿಂದ ಇಡೀ ಸ್ತನವನ್ನು ತೆಗೆಯದೆ ಗಡ್ಡೆಯ ಭಾಗವನ್ನಷ್ಟೇ ತೆಗೆದರೆ ಸಾಕಾದವರ ಪ್ರಮಾಣ ಶೇ 60ರಿಂದ ಶೇ 68ಕ್ಕೆ ಏರಿತು. ಆದರೆ ಮುಂದಿನ ದಶಕಗಳಲ್ಲಿ ಇದಕ್ಕಿಂತ ದೊಡ್ಡದೆನಿಸಿದ ಲಾಭ ಬೇರೆಯೇ ಇತ್ತು. ಗಡ್ಡೆಯನ್ನು ತೆಗೆದ ಮೇಲೆ ಕೀಮೋ ಕೊಟ್ಟರೆ ಆ ಔಷಧ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ದಾರಿಯೇ ಇಲ್ಲ; ರೋಗ ಮರುಕಳಿಸಿದರೆ ಮಾತ್ರ ತಿಳಿಯುತ್ತದೆ. ಗಡ್ಡೆ ಇರುವಾಗಲೇ ಕೊಟ್ಟರೆ, ಈ ರೋಗಿಯ ಈ ಗಡ್ಡೆ ಈ ಔಷಧಕ್ಕೆ ಹೇಗೆ ಸ್ಪಂದಿಸುತ್ತಿದೆ ಎಂಬುದನ್ನು ನೋಡುತ್ತ ಹೋಗಬಹುದು.

ಸ್ಪಂದನದ ಅತ್ಯುತ್ತಮ ಫಲವನ್ನು ವೈದ್ಯರು ಪೆಥಾಲಾಜಿಕಲ್ ಕಂಪ್ಲೀಟ್ ರೆಸ್ಪಾನ್ಸ್ ಎನ್ನುತ್ತಾರೆ, ಚಿಕ್ಕದಾಗಿ ಪಿಸಿಆರ್. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸ್ತನದ ಊತಕದಲ್ಲಾಗಲಿ, ಕಂಕುಳಿನ ದುಗ್ಧಗ್ರಂಥಿಗಳಲ್ಲಾಗಲಿ (ಲಿಂಫ್ ನೋಡ್) ಸುತ್ತಲಿನ ಊತಕಕ್ಕೆ ನುಗ್ಗುವ ಸ್ವಭಾವದ ಕ್ಯಾನ್ಸರ್ ಕೋಶ ಒಂದೂ ಸೂಕ್ಷ್ಮದರ್ಶಕದಡಿ ಸಿಗದ ಸ್ಥಿತಿ ಇದು. ಹಾಲಿನ ನಾಳದೊಳಗೇ ಸೀಮಿತವಾಗಿರುವ ಆರಂಭಿಕ ಕ್ಯಾನ್ಸರ್ ಉಳಿದಿದ್ದರೂ ಹೆಚ್ಚಿನ ವ್ಯಾಖ್ಯಾನಗಳಲ್ಲಿ ಅದನ್ನು ಪಿಸಿಆರ್ ಎಂದೇ ಪರಿಗಣಿಸುತ್ತಾರೆ. 12 ಅಧ್ಯಯನಗಳ 11,955 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಪಿಸಿಆರ್ ಪಡೆದವರಲ್ಲಿ ರೋಗ ಮರುಕಳಿಸುವ ಸಂಭವ ಗಣನೀಯವಾಗಿ ಕಡಿಮೆ ಎಂದು ತೋರಿಸಿತು. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳಿರುತ್ತವೆ, ಕೆಲವದರಲ್ಲಿ ಹರ್-2 ಎಂಬ ಪ್ರೋಟೀನ್ ಅತಿಯಾಗಿರುತ್ತದೆ (ಹರ್-2 ಪಾಸಿಟಿವ್); ಇವೆರಡೂ ಇಲ್ಲದ್ದು ಟ್ರಿಪಲ್ ನೆಗೆಟಿವ್. ಈ ನಂಟು ಅತ್ಯಂತ ಬಲವಾಗಿ ಕಂಡದ್ದು ಟ್ರಿಪಲ್ ನೆಗೆಟಿವ್ ಕ್ಯಾನ್ಸರ್‌ನಲ್ಲಿ ಮತ್ತು ಹಾರ್ಮೋನು ಗ್ರಾಹಕಗಳಿಲ್ಲದ ಹರ್-2 ಪಾಸಿಟಿವ್ ಕ್ಯಾನ್ಸರ್‌ನಲ್ಲಿ.

ಪಿಸಿಆರ್ ಸಿಗದಿದ್ದರೆ ಮುಂದಿನ ದಾರಿ ಮುಚ್ಚಿತು ಎಂದಲ್ಲ. ಶಸ್ತ್ರಚಿಕಿತ್ಸೆಯ ವೇಳೆ ಕ್ಯಾನ್ಸರ್ ಉಳಿದಿರುವುದು ಕಂಡ ಹರ್-2 ಪಾಸಿಟಿವ್ ರೋಗಿಗಳಿಗೆ ಟಿ-ಡಿಎಂ1 ಎಂಬ ಔಷಧ ಕೊಟ್ಟಾಗ, ಹರ್-2 ವಿರುದ್ಧದ ಟ್ರಾಸ್ಟುಝುಮಾಬ್ ಔಷಧವನ್ನೇ ಮುಂದುವರಿಸಿದವರಿಗೆ ಹೋಲಿಸಿದರೆ ಕ್ಯಾನ್ಸರ್ ಮರುಕಳಿಸುವ ಅಥವಾ ಸಾವಿನ ಅಪಾಯ ಅರ್ಧಕ್ಕೆ ಇಳಿದದ್ದನ್ನು ಕ್ಯಾಥರೀನ್ ಅಧ್ಯಯನ ತೋರಿಸಿತು. ಹರ್-2 ನೆಗೆಟಿವ್ ರೋಗಿಗಳಲ್ಲಿ ಕ್ಯಾಪೆಸಿಟಬಿನ್ ಮಾತ್ರೆಯಿಂದ ಲಾಭವಾಗುವುದನ್ನು 2017ರಲ್ಲಿ ಪ್ರಕಟವಾದ ಕ್ರಿಯೇಟ್-ಎಕ್ಸ್ ಅಧ್ಯಯನ ತೋರಿಸಿತು. ಆ ಲಾಭ ಮುಖ್ಯವಾಗಿ ಟ್ರಿಪಲ್ ನೆಗೆಟಿವ್ ಗುಂಪಿನಲ್ಲಿ ಕಂಡಿತು. ಹೀಗಾಗಿ ಕೀಮೋ ನಂತರ ಏನು ಉಳಿದಿದೆ ಎಂಬ ಪ್ರಶ್ನೆಯ ಉತ್ತರದ ಮೇಲೆ ಮುಂದಿನ ಚಿಕಿತ್ಸೆ ನಿಂತಿದೆ. ಈ ಉತ್ತರವನ್ನು ಕೊನೆಯದಾಗಿ ಕೊಡುವವರು ತೆಗೆದ ಊತಕವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವ ತಜ್ಞರಾದ ಪೆಥಾಲಜಿಸ್ಟ್. ಅಲ್ಲಿಯವರೆಗೆ, ಅಂದರೆ ಗಡ್ಡೆ ಇನ್ನೂ ದೇಹದೊಳಗಿರುವ ಆ ತಿಂಗಳುಗಳಲ್ಲಿ, ನಮಗಿರುವುದು ಸ್ಕ್ಯಾನ್‌ಗಳು ಮಾತ್ರ.

ಎಲ್ಲವೂ ನಿಂತಿರುವುದು ಮೊದಲ ಚಿತ್ರದ ಮೇಲೆ

ಸ್ಪಂದನ ಎಂದರೆ ಬದಲಾವಣೆ. ಬದಲಾವಣೆಯನ್ನು ಅಳೆಯಲು ಆರಂಭದ ಸ್ಥಿತಿ ಗೊತ್ತಿರಬೇಕು. ಆದ್ದರಿಂದ ಕೀಮೋದ ಮೊದಲ ಡೋಸ್‌ಗೆ ಮುಂಚೆ ತೆಗೆದ ಸ್ಕ್ಯಾನ್, ಇಡೀ ಚಿಕಿತ್ಸೆಯಲ್ಲಿ ತೆಗೆಯುವ ಎಲ್ಲ ಸ್ಕ್ಯಾನ್‌ಗಳಿಗಿಂತ ಮುಖ್ಯವಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಡುವಿನ ಸ್ಕ್ಯಾನ್ ಒಂದು ತಪ್ಪಿದರೆ ಮುಂದಿನದರಲ್ಲಿ ಸರಿದೂಗಿಸಬಹುದು. ಔಷಧ ಆರಂಭವಾದ ಮೇಲೆ ಮೊದಲ ಚಿತ್ರವನ್ನು ಮರಳಿ ಪಡೆಯುವ ಉಪಾಯವಿಲ್ಲ. ಗಡ್ಡೆ ಒಂದೇ ಇದೆಯೇ, ಹಲವು ಇವೆಯೇ, ಅದು ಚರ್ಮವನ್ನೋ ಎದೆಯ ಸ್ನಾಯುವನ್ನೋ ಮುಟ್ಟಿದೆಯೇ, ಸುತ್ತ ಕ್ಯಾಲ್ಸಿಯಂ ಕಣಗಳು ಎಷ್ಟು ದೂರ ಹರಡಿವೆ, ಕಂಕುಳಿನ ಯಾವ ಗ್ರಂಥಿಗಳು ದಪ್ಪಗಾಗಿವೆ, ಇನ್ನೊಂದು ಸ್ತನ ಹೇಗಿದೆ, ಇವೆಲ್ಲವೂ ಆಗಲೇ ದಾಖಲಾಗಬೇಕು.

ಅದರಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ, ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಲ್ಟ್ರಾಸೌಂಡ್ ನೋಡಿಕೊಂಡು, ತೆಳ್ಳನೆಯ ಸೂಜಿಯ ಮೂಲಕ ಗಡ್ಡೆಯ ನಡುವೆ ಕೆಲವೇ ಮಿಲಿಮೀಟರ್ ಉದ್ದದ ಲೋಹದ ಗುರುತೊಂದನ್ನು ಬಿಡುತ್ತಾರೆ. ಇದನ್ನು ಕ್ಲಿಪ್ ಅಥವಾ ಮಾರ್ಕರ್ ಎನ್ನುತ್ತಾರೆ. ಬಳಕೆಯಲ್ಲಿರುವ ಹೆಚ್ಚಿನ ಕ್ಲಿಪ್‌ಗಳು ಟೈಟಾನಿಯಂನಂಥ ಲೋಹದವು, ಎಂಆರ್‌ಐ ಯಂತ್ರದೊಳಗೆ ಅವುಗಳಿಂದ ತೊಂದರೆಯಿಲ್ಲ. ಇಷ್ಟು ಚಿಕ್ಕ ವಸ್ತುವಿಗೆ ಇಷ್ಟು ಮಹತ್ವ ಏಕೆಂದರೆ, ಚಿಕಿತ್ಸೆ ಚೆನ್ನಾಗಿ ಫಲಿಸಿದರೆ ಗಡ್ಡೆ ಎಲ್ಲಿತ್ತು ಎಂಬುದೇ ತಿಳಿಯದಂತಾಗುತ್ತದೆ. ಕೈಗೆ ಸಿಗುವುದಿಲ್ಲ, ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ. ಆದರೆ ಸೂಕ್ಷ್ಮ ಕೋಶಗಳು ಉಳಿದಿರಬಹುದಾದ ಜಾಗ ಅದೇ ಆದ್ದರಿಂದ ಶಸ್ತ್ರಚಿಕಿತ್ಸಕರು ಅದನ್ನೇ ತೆಗೆಯಬೇಕು. ಆಗ ದಾರಿ ತೋರಿಸುವುದು ಈ ಕ್ಲಿಪ್ ಒಂದೇ. ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಬಂದ ಊತಕದ ಎಕ್ಸ್-ರೇ ತೆಗೆದು ಅದರಲ್ಲಿ ಕ್ಲಿಪ್ ಇದೆಯೆಂದು ಖಚಿತಪಡಿಸಿಕೊಳ್ಳುವುದೂ, ಆ ಊತಕದ ಯಾವ ತುಂಡನ್ನು ಸೂಕ್ಷ್ಮದರ್ಶಕದಡಿ ಇಡಬೇಕೆಂದು ಪೆಥಾಲಜಿಸ್ಟ್ ಹುಡುಕುವುದೂ ಅದರ ಆಧಾರದಲ್ಲೇ. ಕೀಮೋ ಮೊದಲೇ ನಿಗದಿಯಾಗಿದ್ದು ಕ್ಲಿಪ್ ಇಟ್ಟಿಲ್ಲವಾದರೆ, ಆ ಬಗ್ಗೆ ವೈದ್ಯರನ್ನು ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ.

ಕೈ, ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್

ಪ್ರತಿ ಭೇಟಿಯಲ್ಲೂ ವೈದ್ಯರು ಗಡ್ಡೆಯನ್ನು ಕೈಯಿಂದ ಮುಟ್ಟಿ ನೋಡುತ್ತಾರೆ. ಇದಕ್ಕೆ ಯಂತ್ರ ಬೇಡ, ಗಡ್ಡೆ ಬೆಳೆಯುತ್ತಿದ್ದರೆ ಬೇಗ ಸುಳಿವು ಸಿಗುತ್ತದೆ. ಆದರೆ ಕೈಗೆ ತಿಳಿಯುವುದು ಗಟ್ಟಿತನ ಮಾತ್ರ. ಕ್ಯಾನ್ಸರ್ ಕೋಶಗಳು ಸತ್ತ ಜಾಗದಲ್ಲಿ ಗಾಯ ಮಾಗಿದಂತೆ ನಾರಿನ ಊತಕ ಬೆಳೆಯುತ್ತದೆ, ಅದೂ ಗಟ್ಟಿಯೇ. ಇನ್ನೊಂದು ಕಡೆ, ಗಡ್ಡೆ ಮೆತ್ತಗಾಗಿ ಕೈಗೆ ಸಿಗದೆ ಹೋದರೂ ಕ್ಯಾನ್ಸರ್ ಕೋಶಗಳು ಅಲ್ಲಲ್ಲಿ ಉಳಿದಿರಬಹುದು.

ಮ್ಯಾಮೊಗ್ರಾಂ ಎಕ್ಸ್-ರೇ ಚಿತ್ರ. ಕೊಬ್ಬಿನ ಅಂಶ ಹೆಚ್ಚಿರುವ ಸ್ತನದಲ್ಲಿ, ಅಂಚು ಸ್ಪಷ್ಟವಾಗಿರುವ ಗಡ್ಡೆಯನ್ನು ಅದು ಚೆನ್ನಾಗಿಯೇ ಅಳೆಯುತ್ತದೆ. ಸಾಂದ್ರವಾದ ಸ್ತನದಲ್ಲಿ ಗಡ್ಡೆಯೂ ಸಹಜ ಊತಕವೂ ಒಂದೇ ಬಿಳುಪಾಗಿ ಬೆರೆತುಹೋಗುತ್ತವೆ. ಮ್ಯಾಮೊಗ್ರಾಂ ಬೇರೆಲ್ಲಕ್ಕಿಂತ ಮುಂದಿರುವುದು ಕ್ಯಾಲ್ಸಿಯಂ ಕಣಗಳ ವಿಚಾರದಲ್ಲಿ, ಮತ್ತು ಗೊಂದಲ ಹೆಚ್ಚು ಹುಟ್ಟುವುದೂ ಅಲ್ಲಿಯೇ. ಉಪ್ಪಿನ ಪುಡಿಗಿಂತ ಸಣ್ಣಗಿರುವ ಈ ಬಿಳಿ ಚುಕ್ಕೆಗಳು ಕೀಮೋದಿಂದ ಕ್ಯಾನ್ಸರ್ ಕೋಶಗಳೆಲ್ಲ ಸತ್ತ ಮೇಲೂ ಹಾಗೇ ಉಳಿಯಬಹುದು, ಕೆಲವರಲ್ಲಿ ಹೆಚ್ಚಲೂಬಹುದು, ಏಕೆಂದರೆ ಸತ್ತ ಕೋಶಗಳ ಜಾಗದಲ್ಲೂ ಕ್ಯಾಲ್ಸಿಯಂ ಸಂಗ್ರಹವಾಗುತ್ತದೆ. ಚುಕ್ಕೆಗಳು ಕಡಿಮೆಯಾಗಿಲ್ಲ ಎಂದು ವರದಿಯಲ್ಲಿ ಓದಿ ಔಷಧ ಫಲಿಸಲಿಲ್ಲ ಎಂದು ರೋಗಿ ಎದೆಗುಂದಬೇಕಾಗಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ವಿಷಯಕ್ಕೆ ಬಂದಾಗ ನಿಯಮ ಬೇರೆ. ಆ ಕಣಗಳ ನಡುವೆ ನಾಳದೊಳಗಿನ ಕ್ಯಾನ್ಸರ್ ಅಡಗಿರಬಹುದಾದ ಕಾರಣ, ಎಂಆರ್‌ಐಯಲ್ಲಿ ಏನೂ ಕಾಣದಿದ್ದರೂ ಸಂಶಯಾಸ್ಪದ ಕ್ಯಾಲ್ಸಿಯಂ ಕಣಗಳಿರುವ ಭಾಗವನ್ನು ಸಾಮಾನ್ಯವಾಗಿ ಪೂರ್ತಿ ತೆಗೆಯುತ್ತಾರೆ.

ಅಲ್ಟ್ರಾಸೌಂಡ್‌ನ ಅನುಕೂಲ ಬೇರೆ. ವಿಕಿರಣವಿಲ್ಲ, ಇಂಜೆಕ್ಷನ್ ಇಲ್ಲ, ಎಷ್ಟು ಸಲ ಬೇಕಾದರೂ ಮಾಡಬಹುದು, ಅದೇ ವೇಳೆ ಕಂಕುಳನ್ನೂ ನೋಡಬಹುದು. ಒಂದೇ ಗಡ್ಡೆ ಇದ್ದು ಅದು ಪರೀಕ್ಷಾ ಉಪಕರಣದ ಅಗಲದೊಳಗೆ ಬರುವಂತಿದ್ದರೆ ನಡುನಡುವೆ ನೋಡಲು ಇದೇ ಸಾಕಾಗುವುದುಂಟು. ಗಡ್ಡೆ ತೀರ ದೊಡ್ಡದಾಗಿದ್ದರೆ, ಅಥವಾ ಅಂಚಿಲ್ಲದೆ ಹರಡಿಕೊಂಡಿದ್ದರೆ, ಅಳತೆ ಪರೀಕ್ಷೆ ಮಾಡಿದವರ ಕೈಯನ್ನು ಅವಲಂಬಿಸುತ್ತದೆ.

ಇಲ್ಲಿ ವರದಿ ಓದುವವರಿಗೆ ಉಪಯೋಗವಾಗುವ ಮಾತೊಂದನ್ನು ಹೇಳಬೇಕು. ಮ್ಯಾಮೊಗ್ರಾಂನಲ್ಲಿ ಸ್ತನವನ್ನು ಒತ್ತಿ ಹಿಡಿದಿರುತ್ತಾರೆ, ಅಲ್ಟ್ರಾಸೌಂಡ್‌ನಲ್ಲಿ ರೋಗಿ ಅಂಗಾತ ಮಲಗಿರುತ್ತಾರೆ, ಎಂಆರ್‌ಐಯಲ್ಲಿ ಬೋರಲು ಮಲಗಿ ಸ್ತನ ಕೆಳಗೆ ಜೋತುಬಿದ್ದಿರುತ್ತದೆ. ಒಂದೇ ದಿನ ಮಾಡಿದರೂ ಮೂರರ ಅಳತೆ ಒಂದೇ ಆಗಿರಬೇಕಾಗಿಲ್ಲ. ಜನವರಿಯ ಎಂಆರ್‌ಐ ಅಳತೆಯನ್ನು ಏಪ್ರಿಲ್‌ನ ಅಲ್ಟ್ರಾಸೌಂಡ್ ಅಳತೆಯ ಪಕ್ಕದಲ್ಲಿಟ್ಟು ಗಡ್ಡೆ ಕುಗ್ಗಿತೋ ಬೆಳೆಯಿತೋ ಎಂದು ತೀರ್ಮಾನಿಸುವುದು ತಪ್ಪು ದಾರಿ. ಆರಂಭದಲ್ಲಿ ಯಾವ ವಿಧಾನವೋ ಹೋಲಿಕೆಗೂ ಅದೇ ವಿಧಾನ, ಸಾಧ್ಯವಾದರೆ ಅದೇ ಕೇಂದ್ರ.

ಎಂಆರ್‌ಐ ನೋಡುವುದು ರಕ್ತದ ಹರಿವನ್ನು

ಗಡ್ಡೆಯ ಸ್ಪಂದನವನ್ನು ಅಳೆಯುವಲ್ಲಿ ಇಂದು ಅತ್ಯಂತ ನಿಖರವೆನಿಸಿರುವುದು ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಮಾಡುವ ಎಂಆರ್‌ಐ. ಬೆಳೆಯುವ ಕ್ಯಾನ್ಸರ್ ಗಡ್ಡೆ ತನಗೆ ಬೇಕಾದ ಆಮ್ಲಜನಕ ಮತ್ತು ಪೋಷಕಾಂಶಗಳಿಗಾಗಿ ಹೊಸ ರಕ್ತನಾಳಗಳನ್ನು ಹುಟ್ಟುಹಾಕಿಕೊಳ್ಳುತ್ತದೆ. ಅವಸರದಲ್ಲಿ ಹುಟ್ಟಿದ ಈ ನಾಳಗಳ ಗೋಡೆ ಸೋರುತ್ತದೆ. ತೋಳಿನ ರಕ್ತನಾಳಕ್ಕೆ ಕೊಟ್ಟ ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ದ್ರವ ಅಲ್ಲಿಗೆ ತಲುಪಿದಾಗ ಬೇಗನೆ ಹೊರಸೋರಿ, ಗಡ್ಡೆ ಮೊದಲ ಒಂದೆರಡು ನಿಮಿಷದಲ್ಲೇ ಸುತ್ತಲಿನ ಊತಕಕ್ಕಿಂತ ಪ್ರಕಾಶಮಾನವಾಗಿ ಹೊಳೆಯುತ್ತದೆ. ಅನೇಕ ಗಡ್ಡೆಗಳಲ್ಲಿ ಮುಂದಿನ ನಿಮಿಷಗಳಲ್ಲಿ ಆ ಹೊಳಪು ಅಷ್ಟೇ ಬೇಗ ಇಳಿಯುತ್ತದೆ. ಯಂತ್ರ ಹಲವು ನಿಮಿಷಗಳ ಕಾಲ ಮತ್ತೆಮತ್ತೆ ಚಿತ್ರ ತೆಗೆಯುವುದರಿಂದ ಈ ಏರಿಳಿತ ದಾಖಲಾಗುತ್ತದೆ. ಕೀಮೋ ಕೆಲಸ ಮಾಡಿದಾಗ ಕೋಶಗಳ ಜೊತೆ ಈ ನಾಳಗಳೂ ನಶಿಸುತ್ತವೆ. ಹೊಳಪು ಕುಂದುತ್ತದೆ, ಏರುವ ವೇಗವೂ ತಗ್ಗುತ್ತದೆ. ಗಡ್ಡೆಯ ಗಾತ್ರ ಕಣ್ಣಿಗೆ ಕಾಣುವಷ್ಟು ಕುಗ್ಗುವ ಮೊದಲೇ ಈ ಬದಲಾವಣೆ ಕಾಣಬಹುದು.

ಗಾತ್ರದ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಕೀಮೋಗೆ ಮುಂಚೆ ಗಡ್ಡೆಯ ಅತಿ ಉದ್ದದ ಅಳತೆ 42 ಮಿ.ಮೀ., ಮಧ್ಯದ ಸ್ಕ್ಯಾನ್‌ನಲ್ಲಿ 28 ಮಿ.ಮೀ. ಎಂದಿಟ್ಟುಕೊಳ್ಳಿ. ವ್ಯಾಸ ಮೂರನೇ ಒಂದರಷ್ಟು, ಅಂದರೆ ಶೇ 33ರಷ್ಟು ಇಳಿದಿದೆ. 2009ರಲ್ಲಿ ಪರಿಷ್ಕರಿಸಲಾದ ರೆಸಿಸ್ಟ್ 1.1 ಎಂಬ ಮಾನದಂಡದ ಪ್ರಕಾರ ಅಳತೆ ಕನಿಷ್ಠ ಶೇ 30ರಷ್ಟು ಕುಗ್ಗಿದರೆ ಭಾಗಶಃ ಸ್ಪಂದನ, ಅತಿ ಕಡಿಮೆಯಿದ್ದ ಅಳತೆಗಿಂತ ಶೇ 20ರಷ್ಟು ಮತ್ತು ಕನಿಷ್ಠ 5 ಮಿ.ಮೀ. ಹೆಚ್ಚಿದರೆ ರೋಗದ ಮುನ್ನಡೆ, ಇವೆರಡರ ನಡುವೆ ಇದ್ದರೆ ಸ್ಥಿರ ಎಂದು ವರ್ಗೀಕರಿಸುತ್ತಾರೆ. ಈ ಲೆಕ್ಕದಲ್ಲಿ ನಮ್ಮ ಉದಾಹರಣೆಯ ಗಡ್ಡೆ ಭಾಗಶಃ ಸ್ಪಂದನದ ಗೆರೆಯನ್ನು ಆಗಷ್ಟೇ ದಾಟಿದೆ. ಆದರೆ ಗಡ್ಡೆ ಗುಂಡಗಿದ್ದು ಎಲ್ಲ ದಿಕ್ಕಿನಲ್ಲೂ ಒಂದೇ ರೀತಿ ಕುಗ್ಗಿದ್ದರೆ ಅದರ ಘನಗಾತ್ರ ಇಳಿದಿರುವುದು ಸುಮಾರು ಶೇ 70ರಷ್ಟು! ವರದಿಯಲ್ಲಿ ಕಾಣುವ ಸಾಧಾರಣ ಸಂಖ್ಯೆಯ ಹಿಂದೆ ಇಷ್ಟು ದೊಡ್ಡ ಬದಲಾವಣೆ ಇರಬಹುದು ಎಂಬುದು ರೋಗಿಗೆ ತಿಳಿದಿರುವುದು ಒಳ್ಳೆಯದು.

ವ್ಯಾಸವೊಂದನ್ನೇ ನಂಬಿದರೆ ಮೋಸಹೋಗುವ ಇನ್ನೊಂದು ಸಂದರ್ಭವಿದೆ. ಎಲ್ಲ ಗಡ್ಡೆಗಳೂ ಹೊರಗಿನಿಂದ ಒಳಕ್ಕೆ ನಡುವಿನೆಡೆಗೆ ಕುಗ್ಗುವುದಿಲ್ಲ. ಕೆಲವು, ಮಳೆಗೆ ಸಿಕ್ಕ ಮಣ್ಣಿನ ಹೆಂಟೆಯ ಹಾಗೆ, ಒಳಗೊಳಗೇ ಕರಗಿ ಚೂರುಚೂರಾಗಿ ಅದೇ ಹರವಿನಲ್ಲಿ ಉಳಿಯುತ್ತವೆ. ಒಂದು ತುದಿಯ ಚೂರಿನಿಂದ ಇನ್ನೊಂದು ತುದಿಯ ಚೂರಿನವರೆಗೆ ಅಳೆದರೆ ಮೊದಲಿನ ಉದ್ದವೇ ಬರುತ್ತದೆ. ನಡುವಿನ ಕ್ಯಾನ್ಸರ್ ಬಹುಪಾಲು ಹೋಗಿರುತ್ತದೆ. ಹೀಗಿದ್ದಾಗ ಔಷಧ ಫಲಿಸಿದೆ ಎಂಬುದು ನಿಜ, ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬೇಕಾದ ಜಾಗ ಹೆಚ್ಚೇನೂ ಕಡಿಮೆಯಾಗಿಲ್ಲ ಎಂಬುದೂ ಅಷ್ಟೇ ನಿಜ. ಆದ್ದರಿಂದ ವರದಿಯಲ್ಲಿ ಒಂದು ಸಂಖ್ಯೆ ಬರೆದರೆ ಸಾಲದು, ಗಡ್ಡೆ ಯಾವ ರೀತಿ ಕುಗ್ಗಿದೆ ಎಂಬ ವಿವರಣೆಯೂ ಬೇಕು.

ಈ ತೊಡಕನ್ನು ದಾಟಲು ಹುಟ್ಟಿಕೊಂಡದ್ದೇ ಹೊಳೆಯುವ ಭಾಗದ ಒಟ್ಟು ಘನಗಾತ್ರವನ್ನು ಕಂಪ್ಯೂಟರ್‌ನಿಂದ ಲೆಕ್ಕ ಹಾಕುವ ಕ್ರಮ. ನಿಗದಿತ ಮಟ್ಟಕ್ಕಿಂತ ಹೆಚ್ಚು ಹೊಳೆಯುವ ಪ್ರತಿ ಚುಕ್ಕೆಯನ್ನೂ ಎಣಿಸಿ ಕೂಡಿಸುವುದರಿಂದ, ಗಡ್ಡೆ ಚೂರಾಗಿದ್ದರೂ ಉಳಿದದ್ದೆಷ್ಟು ಎಂದು ತಿಳಿಯುತ್ತದೆ. ಐ-ಸ್ಪೈ ಅಧ್ಯಯನದ ಭಾಗವಾಗಿ ನಡೆದ ಆಕ್ರಿನ್ 6657ರಲ್ಲಿ, ಅಂತಿಮ ಫಲವನ್ನು ಮುಂಚಿತವಾಗಿ ಸೂಚಿಸುವುದರಲ್ಲಿ ಎಂಆರ್‌ಐ ಅಳತೆಗಳು ಕೈಪರೀಕ್ಷೆಗಿಂತ ಉತ್ತಮವೆಂದು ಕಂಡುಬಂತು. ಅದರಲ್ಲೂ ಚಿಕಿತ್ಸೆಯ ಆರಂಭದ ಹಂತದಲ್ಲಿ ಘನಗಾತ್ರದ ಬದಲಾವಣೆಗೆ ಹೆಚ್ಚಿನ ಬಲವಿತ್ತು. 2010ರಲ್ಲಿ ಆರಂಭವಾದ ಐ-ಸ್ಪೈ 2 ಈ ಅಳತೆಯನ್ನು ತನ್ನ ನಿರ್ಧಾರಗಳಲ್ಲೇ ಸೇರಿಸಿಕೊಂಡಿತು.

ಎಲ್ಲಿ ತಪ್ಪುತ್ತದೆ

ಎಂಆರ್‌ಐ ತಪ್ಪುವುದು ಎರಡೂ ಕಡೆಗೆ. ಇಲ್ಲದ್ದನ್ನು ಇದೆ ಎನ್ನುವುದೂ ಉಂಟು, ಇದ್ದದ್ದನ್ನು ಕಾಣದೆ ಬಿಡುವುದೂ ಉಂಟು, ಎರಡಕ್ಕೂ ತಿಳಿಯಬಹುದಾದ ಕಾರಣಗಳಿವೆ. ಕೋಶಗಳು ಸತ್ತ ಜಾಗದಲ್ಲಿ ಉರಿಯೂತವೂ ಮಾಗುವಿಕೆಯೂ ನಡೆಯುವಾಗ ಅಲ್ಲಿ ರಕ್ತದ ಹರಿವು ಹೆಚ್ಚಿರುತ್ತದೆ, ಹಾಗಾಗಿ ಮಬ್ಬಾದ ಹೊಳಪು ಉಳಿಯುತ್ತದೆ. ನಾಳದೊಳಗಿನ ಕ್ಯಾನ್ಸರ್ ಉಳಿದಿದ್ದರೂ ಹೊಳಪು ಕಾಣಿಸುತ್ತದೆ, ಪೆಥಾಲಜಿ ವರದಿ ಮಾತ್ರ ಪಿಸಿಆರ್ ಎನ್ನುತ್ತದೆ. ಇನ್ನೊಂದು ಬದಿಯಲ್ಲಿ, ಟ್ಯಾಕ್ಸೇನ್ ವರ್ಗದ ಕೀಮೋ ಔಷಧಗಳು ರಕ್ತನಾಳಗಳ ಮೇಲೂ ಪರಿಣಾಮ ಬೀರುವುದರಿಂದ, ಜೀವಂತ ಕ್ಯಾನ್ಸರ್ ಕೋಶಗಳಿರುವ ಜಾಗವೂ ಸಾಕಷ್ಟು ಕಾಂಟ್ರಾಸ್ಟ್ ಹೀರದೆ ಮಂಕಾಗಿ ಕಾಣಬಹುದು. ಕೀಮೋ ಮುಗಿದ ಮೇಲಿನ ಎಂಆರ್‌ಐಯಲ್ಲಿ ಅನುಭವಿ ರೇಡಿಯಾಲಜಿಸ್ಟ್‌ಗಳು ಆರಂಭದ ನಿಮಿಷಗಳ ಚಿತ್ರಗಳಿಗೆ ತೃಪ್ತರಾಗದೆ ಕೊನೆಯ ನಿಮಿಷಗಳ ಚಿತ್ರಗಳನ್ನೂ ಎಚ್ಚರದಿಂದ ನೋಡುವುದು ಇದೇ ಕಾರಣಕ್ಕೆ. ನಿಧಾನವಾಗಿ, ಮಬ್ಬಾಗಿ ಮೂಡುವ ಹೊಳಪೂ ಉಳಿದ ಕ್ಯಾನ್ಸರ್‌ನದಾಗಿರಬಹುದು.

ಯಾವ ತಪ್ಪು ಯಾರಲ್ಲಿ ಹೆಚ್ಚು ಎಂಬುದು ಕ್ಯಾನ್ಸರ್‌ನ ಬಗೆಯನ್ನು ಅವಲಂಬಿಸಿದೆ. ಟ್ರಿಪಲ್ ನೆಗೆಟಿವ್ ಮತ್ತು ಹರ್-2 ಪಾಸಿಟಿವ್ ಗಡ್ಡೆಗಳು ಸಾಮಾನ್ಯವಾಗಿ ಒಂದೆಡೆ ಗುಂಪಾಗಿದ್ದು ನಡುವಿನೆಡೆಗೆ ಕುಗ್ಗುವುದರಿಂದ ಅವುಗಳಲ್ಲಿ ಎಂಆರ್‌ಐ ಹೆಚ್ಚು ವಿಶ್ವಾಸಾರ್ಹ. ಹಾರ್ಮೋನು ಗ್ರಾಹಕಗಳಿರುವ ಕ್ಯಾನ್ಸರ್‌ಗಳಲ್ಲಿ, ಹಾಲಿನ ಗ್ರಂಥಿಯ ಲೋಬ್ಯುಲ್‌ಗಳಲ್ಲಿ ಹುಟ್ಟಿ ಸಾಲುಸಾಲಾಗಿ ಹರಡುವ ಕ್ಯಾನ್ಸರ್‌ಗಳಲ್ಲಿ, ಮತ್ತು ಆರಂಭದಲ್ಲೇ ಗುಂಡನೆಯ ಗಡ್ಡೆಯಾಗಿರದೆ ಚದುರಿದ ಹೊಳಪಾಗಿ ಕಂಡವುಗಳಲ್ಲಿ, ಉಳಿದ ರೋಗವನ್ನು ಕಡಿಮೆ ಅಂದಾಜು ಮಾಡುವ ಸಾಧ್ಯತೆ ಹೆಚ್ಚು.

ಟಿಬಿಸಿಆರ್‌ಸಿ 017 ಎಂಬ ಅಧ್ಯಯನ ಕೀಮೋ ನಂತರ ಎಂಆರ್‌ಐ ಮಾಡಿಸಿಕೊಂಡ 746 ಮಹಿಳೆಯರನ್ನು ಪರಿಶೀಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಎಂಆರ್‌ಐ ಏನೂ ಉಳಿದಿಲ್ಲ ಎಂದು ಹೇಳಿದವರಲ್ಲಿ ಶೇ 47ರಷ್ಟು ಮಂದಿಯಲ್ಲಿ ಮಾತ್ರ ಪೆಥಾಲಜಿಯಲ್ಲೂ ಏನೂ ಉಳಿದಿರಲಿಲ್ಲ. ಟ್ರಿಪಲ್ ನೆಗೆಟಿವ್ ಗುಂಪಿನಲ್ಲಿ ಮತ್ತು ಹಾರ್ಮೋನು ಗ್ರಾಹಕಗಳಿಲ್ಲದ ಹರ್-2 ಪಾಸಿಟಿವ್ ಗುಂಪಿನಲ್ಲಿ ಈ ಪ್ರಮಾಣ ಶೇ 60ರ ಆಸುಪಾಸಿನಲ್ಲಿತ್ತು. ಅಧ್ಯಯನದಿಂದ ಅಧ್ಯಯನಕ್ಕೆ ಸಂಖ್ಯೆಗಳು ಬದಲಾಗುತ್ತವೆ. ಔಷಧಗಳು ಉತ್ತಮಗೊಂಡು ಪಿಸಿಆರ್ ಪಡೆಯುವವರು ಹೆಚ್ಚಿದಷ್ಟೂ ಎಂಆರ್‌ಐಯ "ಏನೂ ಇಲ್ಲ" ಎಂಬ ಮಾತು ನಿಜವಾಗುವ ಸಂಭವವೂ ಹೆಚ್ಚುತ್ತದೆ. ಉದಾಹರಣೆಗೆ ಟ್ರಿಪಲ್ ನೆಗೆಟಿವ್ ರೋಗದಲ್ಲಿ ಕೀಮೋ ಜೊತೆ ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಬಳಸುವ ಪೆಂಬ್ರೊಲಿಝುಮಾಬ್ ಸೇರಿಸಿದ ಕೀನೋಟ್-522 ಅಧ್ಯಯನದಲ್ಲಿ ಪಿಸಿಆರ್ ಪ್ರಮಾಣ ಶೇ 51.2ರಿಂದ ಶೇ 64.8ಕ್ಕೆ ಏರಿತ್ತು. ಆದರೂ ಮೂಲ ಸಂಗತಿ ಬದಲಾಗುವುದಿಲ್ಲ. ಸ್ಕ್ಯಾನ್‌ನಲ್ಲಿ ಒಂದು ಚುಕ್ಕೆ ಕಾಣಬೇಕಾದರೆ ಅಲ್ಲಿ ಅಪಾರ ಸಂಖ್ಯೆಯ ಕೋಶಗಳು ಒಟ್ಟಾಗಿರಬೇಕು. ಪೆಥಾಲಜಿಸ್ಟ್‌ಗೆ ಕೆಲವೇ ಕೋಶಗಳು ಸಾಕು. ಸ್ಕ್ಯಾನ್‌ನಲ್ಲಿ ಕಾಣುತ್ತಿಲ್ಲ ಎಂಬ ಮಾತನ್ನು ಕ್ಯಾನ್ಸರ್ ಇಲ್ಲ ಎಂದು ಓದಿಕೊಳ್ಳಬಾರದು. ಗಡ್ಡೆ ಮಾಯವಾಯಿತಲ್ಲ, ಇನ್ನು ಶಸ್ತ್ರಚಿಕಿತ್ಸೆ ಏಕೆ ಎಂದು ಕೇಳುವ ರೋಗಿಗೆ ವೈದ್ಯರು ಇದನ್ನು ಸಮಾಧಾನದಿಂದ ವಿವರಿಸಬೇಕು. ಆ ಪ್ರಶ್ನೆ ಅವಿವೇಕದ್ದಲ್ಲ, ಅತ್ಯಂತ ನ್ಯಾಯವಾದದ್ದು.

ಎಂಆರ್‌ಐಯ ಜೊತೆಗೆ ಇನ್ನೂ ಕೆಲವು ವಿಧಾನಗಳಿವೆ. ಇಂಜೆಕ್ಷನ್ ಇಲ್ಲದೆಯೇ ಅದೇ ಯಂತ್ರದಲ್ಲಿ ಊತಕದೊಳಗಿನ ನೀರಿನ ಅಣುಗಳ ಚಲನೆಯನ್ನು ಅಳೆಯಬಹುದು. ಕೋಶಗಳು ಒತ್ತೊತ್ತಾಗಿ ತುಂಬಿದ ಗಡ್ಡೆಯಲ್ಲಿ ನೀರಿಗೆ ಓಡಾಡಲು ಎಡೆಯಿಲ್ಲ. ಕೋಶಗಳು ಸಾಯುತ್ತಿದ್ದಂತೆ ಚಲನೆ ಹೆಚ್ಚುತ್ತದೆ. ಆಕ್ರಿನ್ 6698 ಅಧ್ಯಯನದಲ್ಲಿ 12 ವಾರಗಳ ಹೊತ್ತಿಗೆ ಈ ಅಳತೆ ಪಿಸಿಆರ್‌ನ ಸೂಚನೆ ಕೊಟ್ಟಿತು, ಆದರೆ ಅದೊಂದನ್ನೇ ನೆಚ್ಚುವಷ್ಟು ಬಲವಾಗಿ ಅಲ್ಲ. ಎಂಆರ್‌ಐ ಮಾಡಲಾಗದವರಿಗೆ ಅಯೋಡಿನ್ ಕಾಂಟ್ರಾಸ್ಟ್ ಕೊಟ್ಟು ಮಾಡುವ ಮ್ಯಾಮೊಗ್ರಾಂ ಒಳ್ಳೆಯ ಬದಲಿ. ಪೆಟ್ ಸ್ಕ್ಯಾನ್ ಗಡ್ಡೆ ಎಷ್ಟು ಗ್ಲೂಕೋಸ್ ಬಳಸುತ್ತಿದೆ ಎಂದು ತೋರಿಸುವುದರಿಂದ ಬಹಳ ಬೇಗ ಸುಳಿವು ಕೊಡಬಲ್ಲದು. ಹರ್-2 ಪಾಸಿಟಿವ್ ರೋಗಿಗಳಲ್ಲಿ ನಡೆದ ಫರ್ಗೇನ್ ಅಧ್ಯಯನ, ಎರಡು ಸೈಕಲ್‌ಗಳ (ಔಷಧದ ಸುತ್ತುಗಳ) ನಂತರದ ಪೆಟ್ ಫಲಿತಾಂಶ ನೋಡಿ ಕೀಮೋ ಇಲ್ಲದೆಯೇ ಹರ್-2 ವಿರುದ್ಧದ ಔಷಧಗಳಲ್ಲೇ ಮುಂದುವರಿಯಬಹುದಾದವರನ್ನು ಆರಿಸಿತು. ಹೀಗೆ ಚಿಕಿತ್ಸೆ ಹೊಂದಿಸಿದ ಗುಂಪಿನಲ್ಲಿ ಮೂರು ವರ್ಷಗಳ ನಂತರ ಶೇ 94.8ರಷ್ಟು ಮಂದಿ ರೋಗ ಮರುಕಳಿಸದೆ ಇದ್ದರು. ಸ್ಕ್ಯಾನ್ ಒಂದು ಚಿಕಿತ್ಸೆಯ ಭಾರವನ್ನು ತಗ್ಗಿಸಬಲ್ಲದು ಎಂಬುದಕ್ಕೆ ಇದು ನನಗೆ ಅತ್ಯಂತ ಭರವಸೆ ಕೊಟ್ಟ ಉದಾಹರಣೆ. ಆದರೂ ಪೆಟ್ ಅನ್ನು ಈ ಕೆಲಸಕ್ಕೆ ಎಲ್ಲರಿಗೂ ವಾಡಿಕೆಯಂತೆ ಮಾಡುವುದಿಲ್ಲ.

ಕಂಕುಳಿನ ಲೆಕ್ಕ ಬೇರೆ

ಸ್ತನದಲ್ಲಿ ಗಡ್ಡೆ ಪೂರ್ತಿ ಕರಗಿ ಕಂಕುಳಿನ ಗ್ರಂಥಿಯಲ್ಲಿ ಕ್ಯಾನ್ಸರ್ ಉಳಿಯಬಹುದು, ಇದರ ತಿರುವುಮುರುವೂ ಆಗಬಹುದು. ಅಲ್ಟ್ರಾಸೌಂಡ್‌ನಲ್ಲಿ ಆರೋಗ್ಯವಂತ ಗ್ರಂಥಿ ನಡುವೆ ಬಿಳಿಯ ಕೊಬ್ಬಿನ ಭಾಗ, ಸುತ್ತ ತೆಳ್ಳನೆಯ ಕಪ್ಪು ಪದರದೊಂದಿಗೆ ಅವರೆಕಾಳಿನ ಆಕಾರದಲ್ಲಿ ಕಾಣುತ್ತದೆ. ಆ ಪದರ ದಪ್ಪಗಾಗುವುದು, ನಡುವಿನ ಬಿಳಿ ಭಾಗ ಅಳಿಸಿಹೋಗುವುದು ಕ್ಯಾನ್ಸರ್ ತಲುಪಿರುವ ಲಕ್ಷಣ. ಕೀಮೋ ನಂತರ ಗ್ರಂಥಿ ಸಹಜ ರೂಪಕ್ಕೆ ಮರಳಿದರೆ ಅದು ಒಳ್ಳೆಯ ಸೂಚನೆ, ಆದರೆ ಖಾತರಿಯಲ್ಲ. ಆದ್ದರಿಂದ ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯಬೇಕೋ, ಆಯ್ದ ಕೆಲವನ್ನು ತೆಗೆದು ಪರೀಕ್ಷಿಸಿದರೆ ಸಾಕೋ ಎಂಬುದನ್ನು ಶಸ್ತ್ರಚಿಕಿತ್ಸೆಯಲ್ಲೇ ತೀರ್ಮಾನಿಸಬೇಕಾಗುತ್ತದೆ. ಎಲ್ಲವನ್ನೂ ತೆಗೆದರೆ ತೋಳು ಬಾವು ಬರುವ ಸಂಭವ ಹೆಚ್ಚು, ಹಾಗಾಗಿ ಈ ನಿರ್ಧಾರ ರೋಗಿಯ ಮುಂದಿನ ಬದುಕನ್ನೇ ಮುಟ್ಟುತ್ತದೆ.

ಇಲ್ಲಿಯೂ ಕ್ಲಿಪ್ ನೆರವಿಗೆ ಬರುತ್ತದೆ. ಅಮೆರಿಕದ ಝಡ್1071 ಅಧ್ಯಯನದಲ್ಲಿ, ಕೀಮೋ ನಂತರ ಸೆಂಟಿನೆಲ್ ಗ್ರಂಥಿಗಳನ್ನಷ್ಟೇ, ಅಂದರೆ ಗಡ್ಡೆಯಿಂದ ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ಗ್ರಂಥಿಗಳನ್ನಷ್ಟೇ, ಪರೀಕ್ಷಿಸಿದಾಗ ಉಳಿದ ಕ್ಯಾನ್ಸರ್ ಕಣ್ತಪ್ಪುವ ಪ್ರಮಾಣ ಶೇ 12.6 ಇತ್ತು, ಒಪ್ಪಬಹುದಾದ ಮಿತಿಯೆಂದು ಮೊದಲೇ ಇಟ್ಟುಕೊಂಡದ್ದು ಶೇ 10. ಆದರೆ ಚಿಕಿತ್ಸೆಗೆ ಮುಂಚೆ ಕ್ಯಾನ್ಸರ್ ಖಚಿತವಾದ ಗ್ರಂಥಿಯಲ್ಲಿ ಕ್ಲಿಪ್ ಇಟ್ಟು, ಆ ಗ್ರಂಥಿಯೂ ತೆಗೆದವುಗಳಲ್ಲಿ ಇತ್ತೆಂದು ಖಚಿತವಾದಾಗ ಅದು ಶೇ 6.8ಕ್ಕೆ ಇಳಿಯಿತು.

ನಡುವಿನ ನಿರ್ಧಾರಗಳು

ಚಿಕಿತ್ಸೆಯ ಮಧ್ಯದಲ್ಲಿ ಗಡ್ಡೆ ಬೆಳೆಯುತ್ತಿದೆ ಎಂಬ ಅನುಮಾನ ಬಂದಾಗ ಸ್ಕ್ಯಾನ್‌ನ ಪಾತ್ರ ಅತ್ಯಂತ ಸ್ಪಷ್ಟ. ಇಂಥದ್ದು ವಿರಳ, 1,900ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ನೋಡಿದ ಒಂದು ಪರಿಶೀಲನೆಯಲ್ಲಿ ಶೇ 3ರಷ್ಟು ಮಂದಿಯಲ್ಲಿ ಮಾತ್ರ ಕೀಮೋ ನಡೆಯುತ್ತಿರುವಾಗಲೇ ಗಡ್ಡೆ ಬೆಳೆದಿತ್ತು. ಹಾಗಾದರೆ ಔಷಧ ಬದಲಿಸುವುದೋ, ತಡಮಾಡದೆ ಶಸ್ತ್ರಚಿಕಿತ್ಸೆಗೆ ಹೋಗುವುದೋ ಎಂದು ವೈದ್ಯರ ತಂಡ ಕೂಡಲೇ ಯೋಚಿಸಬೇಕಾಗುತ್ತದೆ. ಕಾಯುವ ಕ್ರಮದ ಬಗ್ಗೆ ಆರಂಭದಲ್ಲಿ ಹೇಳಿದ ಆತಂಕಕ್ಕೆ ಸ್ಕ್ಯಾನ್‌ಗಳು ಕೊಡುವ ನೇರ ಉತ್ತರವೂ ಇದೇ: ಗಡ್ಡೆಯನ್ನು ಯಾರೂ ನೋಡದೆ ಬಿಟ್ಟಿರುವುದಿಲ್ಲ.

ಗಡ್ಡೆ ಬೆಳೆದಿಲ್ಲ, ಆದರೆ ನಿರೀಕ್ಷೆಯಷ್ಟು ಕುಗ್ಗಿಲ್ಲ ಎಂದಾಗ ನಿರ್ಧಾರ ಕಷ್ಟದ್ದು. ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಅಳೆಯುವಾಗಿನ ಸಹಜ ಏರುಪೇರಿನೊಳಗೇ ಬರುತ್ತದೆ. ಹಾರ್ಮೋನು ಗ್ರಾಹಕಗಳಿರುವ ಕ್ಯಾನ್ಸರ್‌ಗಳು ಸ್ವಭಾವತಃ ನಿಧಾನವಾಗಿ ಸ್ಪಂದಿಸುತ್ತವೆ, ಅವುಗಳಲ್ಲಿ ಪಿಸಿಆರ್ ಸಿಗುವುದೇ ಅಪರೂಪ, ಸಿಗದಿದ್ದರೂ ಹಾರ್ಮೋನು ಚಿಕಿತ್ಸೆಯಿಂದ ವರ್ಷಗಟ್ಟಲೆ ಚೆನ್ನಾಗಿರುವವರು ಅನೇಕರು. ಹೀಗಿರುವಾಗ ಒಂದು ಸ್ಕ್ಯಾನ್‌ನ ಮಂದ ಫಲಿತಾಂಶ ಕಂಡು, ಪೂರ್ತಿ ಮಾಡಿದರೆ ಫಲ ಕೊಡುತ್ತದೆಂದು ಗೊತ್ತಿರುವ ಔಷಧಕ್ರಮವನ್ನು ಅರ್ಧಕ್ಕೆ ಬಿಡುವುದು ವಿವೇಕವಲ್ಲ ಎಂದೇ ನಾನು ತಿಳಿದಿದ್ದೇನೆ.

ಕೀಮೋ ಮುಗಿದ ಮೇಲಿನ ಸ್ಕ್ಯಾನ್‌ನ ಉದ್ದೇಶ ಶಸ್ತ್ರಚಿಕಿತ್ಸೆಯ ಯೋಜನೆ: ಎಷ್ಟು ತೆಗೆಯಬೇಕು, ಎಲ್ಲಿಂದ ಎಲ್ಲಿಯವರೆಗೆ, ಸ್ತನವನ್ನು ಉಳಿಸಲು ಸಾಧ್ಯವೇ. ಅಲ್ಲಿ ಹೇಳಿದ ಅಳತೆಯೂ ನಂತರದ ಪೆಥಾಲಜಿ ಅಳತೆಯೂ ತಾಳೆಯಾಗದಿದ್ದರೆ ಯಾರೋ ತಪ್ಪು ಮಾಡಿದ್ದಾರೆ ಎಂದು ತಿಳಿಯಬೇಕಾಗಿಲ್ಲ. ಉಳಿದ ರೋಗದ ಭಾರವನ್ನು ಅಳೆಯಲು ಪೆಥಾಲಜಿಸ್ಟ್‌ಗಳು ಬಳಸುವ ಆರ್‌ಸಿಬಿ ಸೂಚ್ಯಂಕ ಗಡ್ಡೆ ಇದ್ದ ಜಾಗದ ಉದ್ದಗಲ, ಅದರಲ್ಲಿ ಕ್ಯಾನ್ಸರ್ ಕೋಶಗಳ ಸಾಂದ್ರತೆ, ಎಷ್ಟು ಗ್ರಂಥಿಗಳಿಗೆ ಹರಡಿದೆ ಮತ್ತು ಅವುಗಳಲ್ಲಿ ಅತಿ ದೊಡ್ಡ ಹರಡುವಿಕೆಯ ಅಳತೆ, ಇವೆಲ್ಲವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ವಿರಳವಾಗಿ ಚದುರಿದ ಕೋಶಗಳಿರುವ 30 ಮಿ.ಮೀ. ಜಾಗ ಎಂಆರ್‌ಐಯಲ್ಲಿ ಖಾಲಿಯಾಗಿ ಕಾಣುವುದು ಅಸಂಭವವೇನಲ್ಲ.

ಸ್ಕ್ಯಾನ್ ಮತ್ತು ಸೂಜಿ ಬಯಾಪ್ಸಿ ಎರಡೂ ಸೇರಿದರೆ ಶಸ್ತ್ರಚಿಕಿತ್ಸೆಯನ್ನೇ ಕೈಬಿಡಬಹುದೇ ಎಂಬ ಪ್ರಶ್ನೆ ಈಗ ಸಂಶೋಧನೆಯಲ್ಲಿದೆ. ಎನ್‌ಆರ್‌ಜಿ ಬಿಆರ್005 ಅಧ್ಯಯನದಲ್ಲಿ ಬಯಾಪ್ಸಿ ಏನೂ ಉಳಿದಿಲ್ಲ ಎಂದದ್ದು ನಿಜವಾದ ಪ್ರಮಾಣ ಶೇ 77.5 ಮಾತ್ರ, ಇಟ್ಟುಕೊಂಡ ಗುರಿ ಶೇ 90. ಜರ್ಮನಿಯ ನೇತೃತ್ವದ ರೆಸ್ಪಾಂಡರ್ ಅಧ್ಯಯನದಲ್ಲಿ ಉಳಿದ ಕ್ಯಾನ್ಸರ್ ಬಯಾಪ್ಸಿಗೆ ಸಿಗದೆ ತಪ್ಪಿಹೋದ ಪ್ರಮಾಣ ಶೇ 17.8. ಇವೆರಡರ ನಂತರ ಅಮೆರಿಕದಲ್ಲಿ, ಟ್ರಿಪಲ್ ನೆಗೆಟಿವ್ ಅಥವಾ ಹರ್-2 ಪಾಸಿಟಿವ್ ರೋಗವಿದ್ದು ಸ್ಕ್ಯಾನ್‌ನಲ್ಲಿ ಉಳಿಕೆ 2 ಸೆಂ.ಮೀ.ಗಿಂತ ಕಡಿಮೆಯಿದ್ದ 50 ಮಹಿಳೆಯರಲ್ಲಿ, ದಪ್ಪನೆಯ ನಿರ್ವಾತ ಸೂಜಿಯಿಂದ ಕನಿಷ್ಠ 12 ತುಣುಕುಗಳನ್ನು ತೆಗೆದು ಪರೀಕ್ಷಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಏನೂ ಸಿಗದ 31 ಮಂದಿಗೆ ಸ್ತನದ ಶಸ್ತ್ರಚಿಕಿತ್ಸೆ ಮಾಡದೆ ವಿಕಿರಣ ಚಿಕಿತ್ಸೆಯನ್ನಷ್ಟೇ ಕೊಡಲಾಯಿತು. ಸರಾಸರಿ ಎರಡು ವರ್ಷಕ್ಕೂ ಹೆಚ್ಚಿನ ನಿಗಾವಣೆಯಲ್ಲಿ ಯಾರಲ್ಲೂ ಸ್ತನದಲ್ಲಿ ರೋಗ ಮರುಕಳಿಸಲಿಲ್ಲ. 31 ಸಣ್ಣ ಸಂಖ್ಯೆ, ಎರಡು ವರ್ಷ ಸಣ್ಣ ಅವಧಿ. ಆದ್ದರಿಂದ ಇಂಥ ಸಂಶೋಧನೆಯ ಹೊರಗೆ, ಸ್ಕ್ಯಾನ್ ಎಷ್ಟೇ ಸ್ವಚ್ಛವಾಗಿ ಬಂದಿದ್ದರೂ, ಕ್ಲಿಪ್ ಇರುವ ಜಾಗವನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡುವುದು ಇಂದಿಗೂ ಚಿಕಿತ್ಸೆಯ ಕಡ್ಡಾಯ ಭಾಗವಾಗಿಯೇ ಇದೆ.